ಮೈಕಿನ ಹಿಂದೆ ಕೂತ ವಾರಿಜಕ್ಕ

ವಾರಿಜಕ್ಕನ ಬಗ್ಗೆ ಬರೆಯುವ ಮುಂಚೆ ನನ್ನ ಪಾಲಿನ ಒಂದು ಸಂಗತಿ ಹೇಳಿಬಿಡಬೇಕು. ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ದೇವಸ್ಥಾನದ ಸಮಿತಿಯಿಂದ ಅವರಿಗೆ ಹೋದ ಪತ್ರವನ್ನು ಟೈಪ್ ಮಾಡಿದವನು ನಾನು. ನನ್ನ ಹೆಸರು ಮಾಧವ. ಕಾಲೇಜೊಂದರ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ಬನಶಂಕರಿ ಮೂರನೇ ಹಂತದ ಈ ದೇವಸ್ಥಾನದ ಸಮಿತಿಗೆ ಕಾರ್ಯದರ್ಶಿಯಾಗಿದ್ದೇನೆ. ಪತ್ರದ ಒಕ್ಕಣೆ ಬಹಳ ಸಭ್ಯವಾಗಿತ್ತು. ಸಭ್ಯವಾಗಿ ಬರೆಯುವುದು ನನಗೆ ಕೂತಲ್ಲೇ ಬರುತ್ತದೆ.

ವಾರಿಜಕ್ಕನಿಗೆ ಈಗ ಐವತ್ತೈದರ ಆಸುಪಾಸು. ಉತ್ತರಹಳ್ಳಿಯಲ್ಲಿ ‘ಬೋರಣ್ಣ ಸೌಂಡ್ಸ್’ ಎಂಬ ಬೋರ್ಡಿನ ಅಂಗಡಿ ಅವರದು. ಮೈಕು, ಹಾರ್ನು, ಸ್ಪೀಕರ್ ಬಾಕ್ಸು, ಆಂಪ್ಲಿಫೈಯರು, ಜನರೇಟರು, ಹೀಗೆ ಸಭೆ ಸಮಾರಂಭಗಳಿಗೆ ಬೇಕಾದ್ದನ್ನು ಬಾಡಿಗೆಗೆ ಕೊಟ್ಟು, ಮುಗಿಯುವವರೆಗೂ ತಾವೇ ಕೂತು ನೋಡಿಕೊಳ್ಳುತ್ತಾರೆ. ಬೋರಣ್ಣ ಅವರ ಗಂಡ. ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದಾಗ ಬೋರಣ್ಣನ ಅಣ್ಣತಮ್ಮಂದಿರೆಲ್ಲ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಬೋರಣ್ಣ ಮಾತ್ರ ತಮ್ಮ ಪಾಲಿನ ಜಾಗದಲ್ಲಿ ಒಂದೇ ಅಂಗಡಿ ಕಟ್ಟಿಸಿ ಅದರ ತುಂಬ ಮೈಕ್ ಸೆಟ್ ತಂದಿಟ್ಟರು. ಅವರಿಗೆ ಅದರ ಹುಚ್ಚು. ಎಲ್ಲಿಂದಲೋ ಹಾಡು ಕೇಳಿಬಂದರೆ ಹಾಡಿಗಿಂತ ಮುಂಚೆ ಅದು ಯಾವ ಹಾರ್ನು ಎಂದು ಹೇಳುತ್ತಿದ್ದರಂತೆ.

ಎರಡು ಸಾವಿರದ ಆರರಲ್ಲಿ ಒಂದು ಬೆಳಿಗ್ಗೆ ಎದೆನೋವು ಎಂದ ಬೋರಣ್ಣ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ಮಗಳು ಶ್ವೇತ ಆಗ ಆರನೇ ಕ್ಲಾಸು. ಮನೆಯಲ್ಲಿ ಅತ್ತೆ ಅಂಜನಮ್ಮ. ಮೈಕ್ ಸೆಟ್ಟನ್ನು ಮಾರಿಬಿಡು, ಕಂಬ ಹತ್ತಿ ಹಾರ್ನು ಕಟ್ಟುವುದು ಹೆಂಗಸಿನ ಕೆಲಸವಲ್ಲ ಎಂದು ನೆಂಟರೆಲ್ಲ ಹೇಳಿದರು. ವಾರಿಜಕ್ಕನಿಗೂ ಹಾಗೇ ಅನ್ನಿಸಿತ್ತು.

ಆಗ ಬಂದವರು ಇನಾಯತ್ ಭಾಯ್. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ರಿಪೇರಿ ಅಂಗಡಿ. ಬೋರಣ್ಣನ ಸೆಟ್ಟು ಕೆಟ್ಟರೆ ಅವರ ಹತ್ತಿರವೇ ಹೋಗುತ್ತಿತ್ತು; ದೊಡ್ಡ ಕಾರ್ಯಕ್ರಮವಿದ್ದರೆ ಅವರೂ ಜೊತೆಗೆ ಹೋಗುತ್ತಿದ್ದರು. ಮಾತು ಕಮ್ಮಿ, ಮೂಗಿನ ತುದಿಯಲ್ಲಿ ಸಿಟ್ಟು. ತಮ್ಮ ಕಿವಿಯ ಬಗ್ಗೆ ಮಾತ್ರ ಸ್ವಲ್ಪ ಜಂಬ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಬಂದು ಹೊರಗಿನ ಜಗುಲಿಯಲ್ಲಿ ಕೂತರು.

“ಮಾರೋದಾದ್ರೆ ಮಾರಿ ಅಕ್ಕ, ನಾನೇ ಗಿರಾಕಿ ಹುಡುಕ್ತೀನಿ. ಆದ್ರೆ ಅದಕ್ಕೆ ಮುಂಚೆ ಒಂದು ತಿಂಗಳು ನನ್ನ ಅಂಗಡೀಗೆ ಬಂದು ಕೂತ್ಕೊಳಿ. ಕೆಲಸ ಹತ್ತಲ್ಲ ಅನ್ಸಿದ್ರೆ ಆಮೇಲೆ ಮಾರಿ.”

ಮಗಳನ್ನು ಸ್ಕೂಲಿಗೆ ಕಳಿಸಿ ವಾರಿಜಕ್ಕ ದಿನಾ ಬಸ್ಸು ಹಿಡಿದು ಸಾರಕ್ಕಿಗೆ ಹೋದರು. ಬೆಸುಗೆ ಹಾಕುವುದನ್ನು ಕಲಿಯುವಾಗ ಬೆರಳು ಸುಟ್ಟುಕೊಂಡರು. ಯಾವ ವೈರು ಯಾವುದಕ್ಕೆ, ಮೈಕನ್ನು ಬಾಕ್ಸಿನ ಎದುರಿಗೆ ಇಟ್ಟರೆ ಏಕೆ ಕುಯ್ಯೆನ್ನುತ್ತದೆ, ಹಾರ್ನಿನ ಬಾಯಿ ಎಷ್ಟು ಬಗ್ಗಿರಬೇಕು, ಎಲ್ಲವನ್ನೂ ಕಲಿತರು. ಒಂದು ತಿಂಗಳೆಂದದ್ದು ನಾಲ್ಕು ತಿಂಗಳಾಯಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಅವರ ಮೊದಲ ಕೆಲಸ ಒಂದು ಗಣೇಶೋತ್ಸವದ್ದು. ಆ ಗೆಳೆಯರ ಬಳಗದ ಮುಖ್ಯಸ್ಥ ತಿರುಮಲೇಶ ಎಂಬ ಯುವಕ. ಅವನಿಗೆ ಅದೇ ಮೊದಲ ಭಾಷಣ. ಅವನು ಬಾಯಿ ತೆರೆಯುತ್ತಿದ್ದಂತೆ ಮೈಕು ಕುಯ್ಯೆಂದು ಚೀರಿತು, ಜನ ಕಿವಿ ಮುಚ್ಚಿಕೊಂಡರು. ಇನಾಯತ್ ಭಾಯ್ ಎದ್ದು ಹೋಗಿ ಮೈಕಿನ ಮುಖ ತಿರುಗಿಸಿ, ತಿರುಮಲೇಶನ ಕಿವಿಯಲ್ಲಿ ಏನೋ ಹೇಳಿ ಬಂದರು. ತಿರುಮಲೇಶ ಬೈಯಲಿಲ್ಲ. ಮರುವರ್ಷವೂ ವಾರಿಜಕ್ಕನನ್ನೇ ಕರೆದ. ಮುಂದೆ ಅವನು ಧರ್ಮವೇ ನಮ್ಮ ಉಸಿರು ಎನ್ನುವ ಪಕ್ಷಕ್ಕೆ ಸೇರಿ ಕಾರ್ಪೊರೇಟರ್ ಆದಾಗ ಪಕ್ಷದ ಸಭೆಗಳಿಗೂ ಅವರೇ ಮೈಕಿನವರಾದರು. ಧರ್ಮ ಮನೆಯೊಳಗಿರಲಿ, ಸರ್ಕಾರಕ್ಕೆ ಎಲ್ಲರೂ ಒಂದೇ ಎನ್ನುವ ಇನ್ನೊಂದು ಪಕ್ಷದವರೂ ಕರೆದರು. ಆ ಪಕ್ಷದ ದಿನೇಶ ಉತ್ತರಹಳ್ಳಿಯವನೇ. ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ದಿನದಿಂದ ವಾರಿಜಕ್ಕ ಅವನನ್ನು ಬಲ್ಲರು. ಇವರ ಸಭೆ ಬೆಳಿಗ್ಗೆ, ಅವರ ಸಭೆ ಸಂಜೆ ಇದ್ದ ದಿನಗಳೂ ಉಂಟು. ನಡುವೆ ಬದಲಾಗುತ್ತಿದ್ದದ್ದು ಮೈಕಿನ ಸ್ಟ್ಯಾಂಡಿಗೆ ಸುತ್ತುವ ಶಾಲಿನ ಬಣ್ಣ ಮಾತ್ರ.

ಮೈಕಿನ ಹಿಂದೆ ಕೂತವರಿಗೆ ಭಾಷಣ ಬರೀ ಸದ್ದು. ಏರಿತೇ, ಇಳಿಯಿತೇ, ಒಡೆಯಿತೇ ಎಂದಷ್ಟೇ ಗಮನ. ಆದರೆ ವರ್ಷಗಟ್ಟಲೆ ಕೂತರೆ ಮಾತೂ ಕಿವಿಗೆ ಬೀಳುತ್ತದೆ. ಗುಡಿಯ ಒಂದು ಕಲ್ಲು ಅಲುಗಾಡಿಸಲೂ ಬಿಡುವುದಿಲ್ಲ ಎಂದು ಗುಡುಗಿದವರೇ ಅಧಿಕಾರದಲ್ಲಿದ್ದಾಗ ರಸ್ತೆ ಅಗಲ ಮಾಡಲೆಂದು ಮೂಲೆಯ ಮುನೇಶ್ವರನ ಗುಡಿಯನ್ನು ಒಂದು ಬೆಳಿಗ್ಗೆ ಎತ್ತಿಸಿದರು. ಅದನ್ನು ಎರಡು ಬೀದಿ ಆಚೆ ಮತ್ತೆ ಕಟ್ಟಿಸಿ, ಕಳಶ ಇಡಿಸಿ, ಹೋಮದ ಮುಂದೆ ಪಂಚೆಯುಟ್ಟು ಕೂತವರು ಧರ್ಮ ಮನೆಯೊಳಗಿರಲಿ ಎಂದವರು. ಎರಡು ಕಾರ್ಯಕ್ರಮಕ್ಕೂ, ಎಂದರೆ ರಸ್ತೆಯ ಗುದ್ದಲಿ ಪೂಜೆಗೂ ಗುಡಿಯ ಹೋಮಕ್ಕೂ, ಮೈಕು ವಾರಿಜಕ್ಕನದೇ. ಮನೆಗೆ ಬಂದು ಮಗಳ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಅದರಿಂದ ಅವರಿಗೆ ತೊಂದರೆಯೇನೂ ಆಗಿರಲಿಲ್ಲ.

ತೊಂದರೆ ಬಂದದ್ದು ಎರಡು ಸಾವಿರದ ಇಪ್ಪತ್ತೆರಡರಲ್ಲಿ. ರಾಮನವಮಿ ಕಳೆದ ಮೇಲಿನ ಭಾನುವಾರ ಜೆ.ಪಿ. ನಗರದ ಒಂದು ಮೈದಾನದಲ್ಲಿ ಸಭೆ. ಜನ ತುಂಬಿದ್ದರು. ವಾರಿಜಕ್ಕ ದನಿ ಏರಿಸಿ ಇಳಿಸುವ ಮಿಕ್ಸರಿನ ಮುಂದೆ ಕೂತಿದ್ದರು, ಪಕ್ಕದಲ್ಲಿ ಇನಾಯತ್ ಭಾಯ್. ಆ ಹೊತ್ತಿಗೆ ಮಾಜಿ ಕಾರ್ಪೊರೇಟರ್ ಆಗಿದ್ದ ತಿರುಮಲೇಶ ಮಾತಾಡಲು ನಿಂತ. ಎಂದಿನ ಮಾತುಗಳಾದ ಮೇಲೆ ಹೊಸದೊಂದನ್ನು ಹೇಳಿದ. “ನಮ್ಮ ಹಬ್ಬ ನಮ್ಮವರಿಂದಲೇ ನಡೀಬೇಕು. ಹೂವಿಂದ ಹಿಡಿದು ಮೈಕಿನವರೆಗೂ ನಮ್ಮವರದ್ದೇ ಇರಲಿ. ಬೇರೆಯವರಿಗೆ ಕೆಲಸ ಕೊಡೋದನ್ನ ಇವತ್ತಿಗೆ ನಿಲ್ಲಿಸಿ.”

ವಾರಿಜಕ್ಕನ ಕೈ ಮಿಕ್ಸರಿನ ಮೇಲೆಯೇ ಇತ್ತು. ತಿರುಮಲೇಶನ ದನಿಯ ಗುಂಡಿ ಬೆರಳಿನ ಕೆಳಗೇ ಇತ್ತು. ಕೆಳಕ್ಕೆ ಎಳೆದು ದನಿ ಅಡಗಿಸಿಬಿಡಲೇ ಎಂದು ಅನ್ನಿಸಿತಂತೆ. ಅಷ್ಟರಲ್ಲಿ ಇನಾಯತ್ ಭಾಯ್ ಬಗ್ಗಿ, “ಅಕ್ಕ, ಹಮ್ ಬರ್ತಿದೆ” ಎಂದರು. ಬಾಕ್ಸಿನಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಸೇರಿಕೊಂಡಿತ್ತು. ಅವರು ಎದ್ದು, ವೇದಿಕೆಯ ಕೆಳಗೆ ತೂರಿ, ಒಂದು ವೈರು ಬದಲಾಯಿಸಿ, ಮೊಣಕಾಲಿನ ಮಣ್ಣು ಕೊಡವಿಕೊಂಡು ವಾಪಸ್ಸು ಬಂದು ಕೂತರು. ಗುಂಯ್ಗುಟ್ಟುವುದು ನಿಂತಿತು. ಮಿಕ್ಕ ಭಾಷಣ ಮೈದಾನದ ಕೊನೆಯವರೆಗೂ ಒಂದಕ್ಷರ ಬಿಡದೆ ಕೇಳಿಸಿತು.

ಗಾಡಿಯಲ್ಲಿ ವಾಪಸ್ಸು ಬರುವಾಗ ವಾರಿಜಕ್ಕ ಕೇಳಿದರು. “ಯಾಕೆ ಸರಿ ಮಾಡಕ್ಕೆ ಹೋದ್ರಿ ಭಾಯ್? ಹಂಗೇ ಗುಂಯ್ ಅಂತಿದ್ರೆ ಏನಾಗ್ತಿತ್ತು?”

“ಕೆಟ್ಟ ಸೌಂಡು ನನಗೆ ತಡಿಯಕ್ಕಾಗಲ್ಲ ಅಕ್ಕ. ಮಾತು ಅವರದ್ದು. ಸೌಂಡು ನಮ್ದು.”

ತಿರುಮಲೇಶನ ಆ ಮಾತಿನ ಬಿಸಿ ನಮ್ಮ ಸಮಿತಿಗೂ ತಗುಲಿತು. ನವರಾತ್ರಿಯ ಒಂಬತ್ತು ದಿನವೂ ಸಂಜೆ ನಮ್ಮಲ್ಲಿ ಸಂಗೀತ, ಪ್ರವಚನ ಇರುತ್ತದೆ. ದೇವಸ್ಥಾನ ಕಟ್ಟಿದ ವರ್ಷದಿಂದಲೂ ಮೈಕು ‘ಬೋರಣ್ಣ ಸೌಂಡ್ಸ್’ನವರದೇ. ಸಮಿತಿಯ ಇಬ್ಬರು ಸದಸ್ಯರು ಸರ್ಕಾರದ ಯಾವುದೋ ಹಳೆಯ ನಿಯಮದ ಪ್ರತಿ ಹಿಡಿದುಕೊಂಡು ಬಂದು, ದೇವಸ್ಥಾನದ ಆವರಣದೊಳಗೆ ಅನ್ಯಧರ್ಮದವರ ವ್ಯವಹಾರ ಕೂಡದು ಎಂದರು. ಅಧ್ಯಕ್ಷರಾದ ಸೇತುರಾಮ ಅವರು ಬ್ಯಾಂಕಿನಿಂದ ನಿವೃತ್ತರಾದವರು, ಕಾಗದದಲ್ಲಿದ್ದದ್ದನ್ನು ಮೀರುವವರಲ್ಲ. ಕೊನೆಗೆ, ಮೈಕಿನ ವ್ಯವಸ್ಥೆಗೆ ವಾರಿಜಾ ಅವರೇ ಬರಲಿ, ಇನಾಯತ್ ಅವರನ್ನು ಕರೆತರುವುದು ಬೇಡ ಎಂದು ತೀರ್ಮಾನವಾಯಿತು. ನನಗೆ ಒಪ್ಪಿಗೆ ಇರಲಿಲ್ಲ. ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ. ‘ಅನಿವಾರ್ಯ ಕಾರಣಗಳಿಂದ’ ಎಂದು ಶುರುಮಾಡಿ ಪತ್ರ ಟೈಪ್ ಮಾಡಿದೆ.

ವಾರಿಜಕ್ಕ ಉತ್ತರ ಬರೆಯಲಿಲ್ಲ. ಫೋನು ಮಾಡಿದರು. “ಮಾಧವ ಸಾರ್, ಪತ್ರ ಬಂತು. ಭಾಯ್ ಬರದೇ ಇದ್ರೆ ನಾನೂ ಬರಲ್ಲ. ಬೇಜಾರಿಲ್ಲ, ಬೇರೆಯವರನ್ನ ನೋಡ್ಕೊಳಿ.” ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಬಹಳ ದಿನ ಕಾಡಿತು.

ವಿಷಯ ತಿಳಿದು ಇನಾಯತ್ ಭಾಯ್ ಖುಷಿಪಡಲಿಲ್ಲ. ಸಿಟ್ಟಾದರು. ಉತ್ತರಹಳ್ಳಿಗೆ ಬಂದು ನಿಂತುಕೊಂಡೇ ಮಾತಾಡಿದರು. “ನನ್ನ ಹೆಸರಲ್ಲಿ ನೀವು ಯಾಕೆ ಕೆಲಸ ಬಿಟ್ರಿ? ನಾಳೆ ನಿಮ್ಮ ನೆಂಟರೆಲ್ಲ ಇವನಿಂದ ವಾರಿಜಾ ಕೆಲಸ ಹೋಯ್ತು ಅಂತಾರೆ. ನಾನು ಕೇಳಿದ್ನಾ?”

“ನೀವು ಕೇಳ್ಲಿಲ್ಲ. ನನಗೆ ಹೋಗಕ್ಕೆ ಕಾಲು ಬರ್ಲಿಲ್ಲ, ಅಷ್ಟೇ” ಎಂದರು ವಾರಿಜಕ್ಕ. ಹದಿನೈದು ದಿನ ಇಬ್ಬರಿಗೂ ಮಾತಿಲ್ಲ.

ಆ ನವರಾತ್ರಿಗೆ ನಾವು ಬೇರೆ ಕಂಪನಿಯ ಸೆಟ್ಟು ಹಾಕಿಸಿದೆವು. ಮೂರನೆಯ ದಿನವೇ ಆಂಪ್ಲಿಫೈಯರ್ ಕೈಕೊಟ್ಟಿತು. ಆ ಕಂಪನಿಯವರು ಅದನ್ನು ಎತ್ತಿಕೊಂಡು ಹೋಗಿ ಮರುದಿನ ಮಧ್ಯಾಹ್ನ ಸರಿಮಾಡಿಸಿ ತಂದರು. ಎಲ್ಲಿ ರಿಪೇರಿ ಆಯಿತು ಎಂದು ನಾನು ಕೇಳಿದೆ. “ಇನ್ನೆಲ್ಲಿ ಸಾರ್, ಸಾರಕ್ಕಿ ಇನಾಯತ್ ಭಾಯ್ ಹತ್ರ. ಈ ಕಡೆ ಎಲ್ರೂ ಅಲ್ಲಿಗೇ ಹೋಗೋದು” ಎಂದರು. ನಾನು ಸಮಿತಿಯಲ್ಲಿ ಆ ಮಾತು ಎತ್ತಲಿಲ್ಲ. ಆಂಪ್ಲಿಫೈಯರು ಸರಿಹೋದರೂ ಪ್ರವಚನ ಮಾತ್ರ ಯಾರಿಗೂ ನೆಟ್ಟಗೆ ಕೇಳಿಸಲಿಲ್ಲ. ಬಾಕ್ಸುಗಳನ್ನು ಎಲ್ಲಿ ಇಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ವಯಸ್ಸಾದವರು ಒಬ್ಬೊಬ್ಬರೇ ಬರುವುದು ಬಿಟ್ಟರು.

ಮುಂದಿನ ವರ್ಷದ ಆರಂಭದಲ್ಲಿ ನಡೆದದ್ದನ್ನು ವಾರಿಜಕ್ಕ ಈಗಲೂ ಹೇಳಿ ಹೇಳಿ ನಗುತ್ತಾರೆ. ಕುಶಲಕರ್ಮಿಗಳಿಗೆ ಗೂಡ್ಸ್ ಆಟೊ ಕೊಡುವ ಯೋಜನೆಯೊಂದರಲ್ಲಿ ಇನಾಯತ್ ಭಾಯ್ ಹೆಸರು ಬಂತು. ಅವರ ಜನಕ್ಕೆಂದೇ ಇದ್ದ ಯೋಜನೆ ಅದು. ಧರ್ಮವೇ ಉಸಿರೆನ್ನುವ ಪಕ್ಷದವರು ವಿರೋಧದಲ್ಲಿದ್ದಾಗ ಅದನ್ನು ಓಲೈಕೆ ಎಂದು ಬೈದಿದ್ದರು. ಈಗ ಅವರದೇ ಸರ್ಕಾರ. ಯೋಜನೆ ನಿಂತಿರಲಿಲ್ಲ. ಬನಶಂಕರಿಯ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ. ಬೀಗದ ಕೈ ಕೊಡಲು ಬಂದವನು ತಿರುಮಲೇಶ. ಮೈಕಿನ ಹಿಂದೆ ವಾರಿಜಕ್ಕ.

ಎಲ್ಲ ಮುಗಿದ ಮೇಲೆ ತಿರುಮಲೇಶ ಟೀ ಲೋಟ ಹಿಡಿದುಕೊಂಡು ಮಿಕ್ಸರಿನ ಹತ್ತಿರ ಬಂದ. ವಾರಿಜಕ್ಕ ಕೇಳಿಯೇಬಿಟ್ಟರು.

“ತಿರುಮಲೇಶಣ್ಣ, ಹೋದ ವರ್ಷ ಇದೇ ಮೈಕಲ್ಲಿ ಇವರಿಗೆ ಕೆಲಸ ಕೊಡಬೇಡಿ ಅಂದ್ರಿ. ಇವತ್ತು ಇದೇ ಮೈಕಲ್ಲಿ ಹೆಸರು ಕೂಗಿ ಆಟೊ ಕೊಟ್ರಿ. ನಾನು ಯಾವುದನ್ನ ನಿಮ್ಮ ಮಾತು ಅಂದ್ಕೊಳ್ಲಿ?”

ಅವನು ಟೀ ಲೋಟವನ್ನು ಮಿಕ್ಸರಿನ ಪಕ್ಕ ಇಟ್ಟ. “ಅವತ್ತು ಪಾರ್ಟಿ ಮಾತಾಡ್ತು ಅಕ್ಕ. ಇವತ್ತು ಸರ್ಕಾರ ಕೊಡ್ತು. ಲಿಸ್ಟಿಂದ ಈ ಹೆಸರು ಹೊಡೆದು ಹಾಕಿ ಅಂತ ನಮ್ಮವರೇ ಇಬ್ರು ಬಂದಿದ್ರು. ನಾನು ಒಪ್ಲಿಲ್ಲ.”

“ಯಾಕೆ ಒಪ್ಲಿಲ್ಲ?”

“ನನ್ನ ಮೊದಲನೇ ಭಾಷಣ ನೆನಪಿದೆಯಾ ನಿಮಗೆ? ನನ್ನ ಕೈ ನಡುಗ್ತಿತ್ತು. ಭಾಯ್ ಬಂದು, ಮೈಕ್ ಹಿಡ್ಕೋಬೇಡಿ, ಸ್ಟ್ಯಾಂಡ್ ಹಿಡ್ಕೊಳಿ, ನಡುಕ ಕಾಣಲ್ಲ ಅಂದ್ರು. ಇವತ್ತಿಗೂ ನಾನು ಸ್ಟ್ಯಾಂಡೇ ಹಿಡ್ಕೊಳೋದು.”

“ಹಂಗಾದ್ರೆ ಅದನ್ನೂ ಒಂದ್ಸಲ ಮೈಕಲ್ಲಿ ಹೇಳಿ.”

“ಅದಾಗಲ್ಲ ವಾರಿಜಕ್ಕ” ಎಂದ ತಿರುಮಲೇಶ. ಸುಳ್ಳು ಹೇಳಲಿಲ್ಲವಲ್ಲ ಎಂದು ವಾರಿಜಕ್ಕನಿಗೆ ಅವನ ಮೇಲೆ ಅಷ್ಟರ ಮಟ್ಟಿಗೆ ಗೌರವ ಉಳಿಯಿತು. ಆಟೊ ಬಂದದ್ದರಿಂದ ವಾರಿಜಕ್ಕ, ಇನಾಯತ್ ಭಾಯ್ ಇಬ್ಬರ ಕೆಲಸವೂ ಎಷ್ಟೋ ಹಗುರಾಯಿತು. ಬಾಕ್ಸು ಸಾಗಿಸಲು ಗಾಡಿಯವರಿಗೆ ಕಾಯುವುದು ತಪ್ಪಿತು.

ಅದೇ ಬೇಸಿಗೆಯಲ್ಲಿ ಚುನಾವಣೆ. ದಿನೇಶನ ಪಕ್ಷದವರು ಜಯನಗರದಲ್ಲಿ ಸಾಮರಸ್ಯ ಸಮಾವೇಶ ಏರ್ಪಡಿಸಿದರು. ‘ಸರ್ವರೂ ಸಮಾನರು’ ಎಂದು ವೇದಿಕೆಯ ಅಗಲಕ್ಕೂ ಬ್ಯಾನರ್. ಬೆಳಿಗ್ಗೆ ಸೆಟ್ಟು ಹಾಕುವಾಗ ದಿನೇಶ ವಾರಿಜಕ್ಕನನ್ನು ಪಕ್ಕಕ್ಕೆ ಕರೆದ.

“ಆಂಟಿ, ಇನಾಯತ್ ಭಾಯ್ ಬಂದಿದ್ದು ಒಳ್ಳೇದಾಯ್ತು. ಆದ್ರೆ ಅವರು ಸ್ಟೇಜ್ ಹಿಂದೆ ಜನರೇಟರ್ ಹತ್ರ ಕೂತ್ಕೊಳ್ಲಿ. ಟೋಪಿ ಹಾಕಿರೋರು ಮುಂದೆ ಕೂತಿರೋ ಫೋಟೋ ತಗೊಂಡು ಆ ಕಡೆಯವರು ವಾಟ್ಸಾಪಲ್ಲಿ ಏನೇನೋ ಹಾಕ್ತಾರೆ. ಎಲೆಕ್ಷನ್ ಟೈಮು ನೋಡಿ. ಆಮೇಲೆ ಶುರುಗೆ ಒಂದು ಗಣಪತಿ ಸ್ತೋತ್ರ ಹಾಕ್ಬಿಡಿ.”

ಇದೇ ಮಾತನ್ನು ತಿರುಮಲೇಶ ಹೇಳಿದ್ದರೆ ವಾರಿಜಕ್ಕ ಜಗಳವಾಡುತ್ತಿದ್ದರೇನೋ. ಇನಾಯತ್ ಭಾಯ್ ಅದನ್ನು ಕೇಳಿಸಿಕೊಂಡು ತಮ್ಮ ಕೈಚೀಲ ಎತ್ತಿಕೊಂಡು ವೇದಿಕೆಯ ಹಿಂದೆ ಹೋದರು. ಅಲ್ಲಿ ಹೊಗೆ, ಶಾಖ, ಜನರೇಟರಿನ ಗದ್ದಲ.

ದೊಡ್ಡ ನಾಯಕರು ಮಾತಾಡಲು ನಿಂತು ಐದು ನಿಮಿಷವಾಗಿರಬೇಕು, ಮೈಕು ಸತ್ತುಹೋಯಿತು. ವಾರಿಜಕ್ಕ ಮಿಕ್ಸರಿನಲ್ಲಿ ನೋಡಿದರು, ಅಲ್ಲಿ ತೊಂದರೆಯಿಲ್ಲ. ವೇದಿಕೆಯ ಮೇಲೆಯೇ ಎಲ್ಲೋ ವೈರು ಬಿಟ್ಟಿತ್ತು. ಮಿಕ್ಸರು ಬಿಟ್ಟು ಅವರು ಏಳುವಂತಿರಲಿಲ್ಲ. ದಿನೇಶ ಬೆವರುತ್ತ ಓಡಿ ಬಂದ. “ಭಾಯ್ ಎಲ್ಲಿ ಆಂಟಿ? ಬೇಗ ಕರೀರಿ.”

“ನೀನು ಕೂರಿಸಿದ ಕಡೆನೇ ಇದ್ದಾರಪ್ಪ.”

ದಿನೇಶ ತಾನೇ ಹೋಗಿ ಕೈ ಹಿಡಿದು ಕರೆತಂದ. ಇನಾಯತ್ ಭಾಯ್ ಸಾವಿರಾರು ಜನರ ಎದುರು ವೇದಿಕೆ ಹತ್ತಿ, ನಾಯಕರ ಕಾಲ ಬಳಿ ಕೂತು, ವೈರಿನ ಕೊನೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ನೂರಾರು ಮೊಬೈಲುಗಳಲ್ಲಿ ಫೋಟೋ ಆಯಿತು. ಯಾರೂ ಅದನ್ನು ಎಲ್ಲಿಯೂ ಹಾಕಲಿಲ್ಲ. ಸಮಾವೇಶ ಮುಗಿದ ಮೇಲೆ ದಿನೇಶ ಅವರ ಎರಡೂ ಕೈ ಹಿಡಿದುಕೊಂಡು, “ತಪ್ಪಾಯ್ತು ಭಾಯ್, ಬೆಳಿಗ್ಗೆ ಹಂಗೆ ಹೇಳಬಾರದಿತ್ತು” ಎಂದ. ಆ ಮಾತನ್ನು ಮನಸ್ಸಿನಿಂದಲೇ ಹೇಳಿದ ಎಂದು ವಾರಿಜಕ್ಕ ಇವತ್ತಿಗೂ ನಂಬುತ್ತಾರೆ.

ಆ ಸಂಜೆ ಸಾಮಾನು ಇಳಿಸಿ ಟೀ ಮಾಡಲು ಒಳಗೆ ಹೋದಾಗ ವಾರಿಜಕ್ಕನಿಗೆ ದಿನೇಶನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಟೀ ಕುದಿಯಿತು. ಕೈ ತನ್ನಷ್ಟಕ್ಕೆ ಕಿಟಕಿಯ ಗೂಡಿನತ್ತ ಹೋಯಿತು. ಅಲ್ಲಿ ಒಂದು ಎತ್ತರದ ಸ್ಟೀಲ್ ಲೋಟವಿತ್ತು. ಇನಾಯತ್ ಭಾಯ್‌ಗೆಂದು ಅತ್ತೆ ಅಂಜನಮ್ಮ ಬೇರೆಯಾಗಿ ಎತ್ತಿಟ್ಟಿದ್ದ ಲೋಟ. ಅತ್ತೆ ತೀರಿಕೊಂಡು ಎಂಟು ವರ್ಷವಾಗಿತ್ತು. ಲೋಟ ಮಾತ್ರ ಗೂಡಿನಲ್ಲೇ ಉಳಿದಿತ್ತು. ತೊಳೆದು ಅಲ್ಲೇ ಇಡುತ್ತಿದ್ದವರು ವಾರಿಜಕ್ಕನೇ. ಏಕೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಇದನ್ನು ನನಗೆ ಹೇಳುವಾಗ ಅವರು ತಲೆ ಎತ್ತಲಿಲ್ಲ. “ಅವರಿಗೋಸ್ಕರ ದೇವಸ್ಥಾನದ ಕೆಲಸ ಬಿಟ್ಟೆ ಅಂತ ನನ್ನೊಳಗೆ ಒಂದು ಹೆಮ್ಮೆ ಇತ್ತು ಸಾರ್. ಲೋಟ ಕೈಯಲ್ಲಿ ಹಿಡ್ಕೊಂಡು ನಿಂತಾಗ ಅದೆಲ್ಲ ಇಳಿದುಹೋಯ್ತು. ಹೇಳೋದು ಒಂದು ಮಾಡೋದು ಒಂದು ಅಂತ ಆ ಪಾರ್ಟಿಯವರನ್ನೆಲ್ಲ ಆಡ್ಕೊಂಡಿದ್ನಲ್ಲ.”

ಅವತ್ತು ಅವರು ಆ ಲೋಟವನ್ನು ಅಡುಗೆಮನೆಯ ಮಿಕ್ಕ ಪಾತ್ರೆಗಳ ನಡುವೆ ಸೇರಿಸಿ, ಮನೆಯವರು ಕುಡಿಯುವ ಸಣ್ಣ ಲೋಟಗಳಲ್ಲೇ ಟೀ ತಂದರು. ಇನಾಯತ್ ಭಾಯ್ ತಮ್ಮ ಲೋಟವನ್ನು ತಿರುಗಿಸಿ ನೋಡಿದರು.

“ಆ ಲೋಟ ಎಲ್ಲೋಯ್ತು ಅಕ್ಕ?”

ವಾರಿಜಕ್ಕ ಒಳಗಿನ ಪಾತ್ರೆಗಳ ಕಡೆ ಕೈ ತೋರಿಸಿದರು.

“ಅದೇ ಚೆನ್ನಾಗಿತ್ತು. ದೊಡ್ಡದಿತ್ತು. ಇದ್ರಲ್ಲಿ ಎರಡು ಗುಟುಕಿಗೆ ಮುಗಿದು ಹೋಗುತ್ತೆ” ಎಂದರು ಅವರು. ಆಮೇಲೆ ಆ ಎರಡು ಗುಟುಕು ಮುಗಿಸಿ, “ಇರ್ಲಿ ಬಿಡಿ. ಇನ್ನೊಂದು ಲೋಟ ಹಾಕಿ” ಎಂದರು. ವಾರಿಜಕ್ಕ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಟೀ ತಂದರಂತೆ.

ಚುನಾವಣೆಯಲ್ಲಿ ದಿನೇಶನ ಪಕ್ಷ ಗೆದ್ದಿತು. ಗೆದ್ದ ಮರುದಿನವೇ ದೇವಸ್ಥಾನಗಳ ಆ ಹಳೆಯ ನಿಯಮವನ್ನು ಕಿತ್ತುಹಾಕುತ್ತೇವೆ ಎಂದು ಅವನು ಸಭೆಗಳಲ್ಲಿ ಹೇಳಿದ್ದ. ನಾಲ್ಕು ತಿಂಗಳಾದರೂ ಸುದ್ದಿಯಿಲ್ಲ. ನಾನು ಅವನ ಆಫೀಸಿಗೆ ಹೋಗಿ ವಿಚಾರಿಸಿದೆ. “ಅದು ಹಂಗೇ ಇರ್ಲಿ ಬಿಡಿ ಅಂಕಲ್, ಈಗ ಮುಟ್ಟಿದ್ರೆ ಗಲಾಟೆ. ನಿಮ್ಮ ಗೋಪುರಕ್ಕೆ ಬಣ್ಣ ಹೊಡ್ಸಕ್ಕೆ ಅನುದಾನ ಹಾಕ್ಸಿದ್ದೀನಿ, ತಗೊಳಿ” ಎಂದ. ತಗೊಂಡೆವು. ಗೋಪುರ ಈಗ ಚೆನ್ನಾಗಿ ಕಾಣುತ್ತದೆ.

ನವರಾತ್ರಿ ಮತ್ತೆ ಹತ್ತಿರ ಬಂತು. ಈ ಸಲ ನಾನು ಸಮಿತಿಯಲ್ಲಿ ಬಾಯಿ ತೆರೆದೆ. ಆ ಕಂಪನಿಯ ಆಂಪ್ಲಿಫೈಯರು ಎಲ್ಲಿ ರಿಪೇರಿಯಾಯಿತು ಎಂಬುದರಿಂದ ಹಿಡಿದು ಗೂಡ್ಸ್ ಆಟೊವರೆಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವತ್ತು ತೀರ್ಮಾನವೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಸೇತುರಾಮ ಅವರು ನಮ್ಮ ಮನೆಗೆ ಬಂದು, “ನಡೀರಿ, ಉತ್ತರಹಳ್ಳಿಗೆ ಹೋಗಿ ಬರೋಣ” ಎಂದರು.

ಅಂಗಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದ ವಾರಿಜಕ್ಕನಿಗೆ ಸೇತುರಾಮ ಅವರು ನೇರವಾಗಿ ಹೇಳಿದರು. “ಆ ಪತ್ರ ವಾಪಸ್ ತಗೋತೀವಿ ಅಂತ ಬರೆದುಕೊಡಕ್ಕೆ ನನ್ನಿಂದ ಆಗಲ್ಲಮ್ಮ. ಮತ್ತೆ ರಂಪ ಆಗುತ್ತೆ. ಆದ್ರೆ ನೀವು ಬನ್ನಿ. ಜೊತೇಲಿ ಯಾರು ಬರ್ತಾರೆ ಅಂತ ಯಾರೂ ಕೇಳಲ್ಲ.”

“ಕೇಳಿದ್ರೆ?”

“ನಾನು ಗೇಟ್ ಹತ್ರ ಕೂತಿರ್ತೀನಿ.”

ವಾರಿಜಕ್ಕ ಅಲ್ಲೇ ಇನಾಯತ್ ಭಾಯ್‌ಗೆ ಫೋನು ಮಾಡಿದರು. ಆ ಕಡೆಯಿಂದ ಒಂದೇ ಷರತ್ತು ಬಂತು: ಸಂಜೆಯ ನಮಾಜಿಗೆ ಹತ್ತು ನಿಮಿಷ ಬಿಡುವು. ಅದಕ್ಕೆ ಸೇತುರಾಮ ಅವರು, “ಪ್ರವಚನಕಾರರು ಕಾಫಿ ಕುಡಿಯೋ ಹೊತ್ತು ಅದು, ಸರಿಹೋಗುತ್ತೆ” ಎಂದರು. ಎಪ್ಪತ್ತೆರಡು ವರ್ಷದ ಅವರು ಒಂಬತ್ತು ದಿನವೂ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಯಾರೂ ಕೇಳಲಿಲ್ಲ. ಕೇಳಬೇಕೆಂದು ಬಂದವರು ಅವರ ಮುಖ ನೋಡಿ ನಮಸ್ಕಾರ ಮಾಡಿ ಒಳಗೆ ಹೋದರು. ಪ್ರವಚನ ಹಿಂದಿನ ಸಾಲಿಗೂ ಕೇಳಿಸಿತು. ಬರುವುದು ಬಿಟ್ಟಿದ್ದ ಪಾರ್ವತಮ್ಮನವರೂ ವಾಕರ್ ಹಿಡಿದುಕೊಂಡು ಬಂದರು.

ಅದಾಗಿ ಎರಡು ವರ್ಷ. ನಿಯಮ ಇನ್ನೂ ಕಾಗದದಲ್ಲಿದೆ. ನಾನು ಟೈಪ್ ಮಾಡಿದ ಪತ್ರವೂ ಕಡತದಲ್ಲಿದೆ. ಶ್ವೇತ ಈಗ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಂಗಡಿ ಮುಚ್ಚಿ ಆರಾಮಾಗಿರು ಎಂದು ಅಮ್ಮನಿಗೆ ಹೇಳುತ್ತಾಳೆ. ವಾರಿಜಕ್ಕ ಕೇಳುವುದಿಲ್ಲ. ಒಮ್ಮೆ ನಾನು ಅವರನ್ನು ಕೇಳಿದೆ, ಇಷ್ಟು ವರ್ಷ ಇವರೆಲ್ಲರ ಮಾತು ಕೇಳಿ ಕೇಳಿ ನಿಮಗೆ ಬೇಸರ ಬರಲಿಲ್ಲವೇ ಎಂದು.

“ಬರುತ್ತೆ ಸಾರ್. ಆದ್ರೆ ಯೋಚನೆ ಮಾಡಿ. ಅವತ್ತು ತಿರುಮಲೇಶಣ್ಣ ಹೇಳಿದ್ದನ್ನ ಹೇಳಿದಂಗೇ ಮಾಡ್ಬಿಟ್ಟಿದ್ರೆ ಭಾಯ್‌ಗೆ ಆಟೊ ಬರ್ತಿರ್ಲಿಲ್ಲ. ನಿಮ್ಮ ಸಮಿತಿಯವರು ಬರೆದಿದ್ದನ್ನ ಬರೆದಂಗೇ ನಡೆಸಿದ್ರೆ ಭಾಯ್, ನಾನು ಇಬ್ರೂ ಮತ್ತೆ ನಿಮ್ಮ ದೇವಸ್ಥಾನಕ್ಕೆ ಬರ್ತಿರ್ಲಿಲ್ಲ. ಮಾಡ್ಲಿಲ್ವಲ್ಲ, ಅದಕ್ಕೆ ಕೈ ಮುಗೀತೀನಿ. ಒಳ್ಳೇದು ಹೇಳಿದ್ದನ್ನೂ ಎಷ್ಟೋ ಮಾಡ್ಲಿಲ್ಲ, ಅದು ಬೇರೆ. ನನ್ನ ಮಟ್ಟಿಗೆ, ಒಬ್ರಲ್ಲ ಒಬ್ರು ಅವರ ಮಾತು ಮೀರಿ ನನ್ನ ಕೈ ಹಿಡಿದಿದ್ದಾರೆ. ಅಷ್ಟು ನೆನಪಿಟ್ಕೊಂಡ್ರೆ ಸಾಕು ಅಂತ.”

ಈ ವರ್ಷ ನವರಾತ್ರಿಯ ಕೊನೆಯ ದಿನ ವಂದನಾರ್ಪಣೆ ನನ್ನದು. ಪ್ರತಿ ವರ್ಷ ದಾನಿಗಳ ಹೆಸರು, ಅತಿಥಿಗಳ ಹೆಸರು ಓದಿ, ‘ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ’ ಎಂದು ಒಟ್ಟಿಗೆ ಸೇರಿಸಿ ಮುಗಿಸುತ್ತಿದ್ದೆ. ಈ ಸಲ ಅವರ ಹೆಸರುಗಳನ್ನೇ ಹೇಳಿದೆ. ಶ್ರೀಮತಿ ವಾರಿಜಾ ಬೋರಣ್ಣ ಅವರಿಗೆ, ಶ್ರೀ ಇನಾಯತ್ ಅವರಿಗೆ ಸಮಿತಿಯ ಪರವಾಗಿಯೂ ನನ್ನ ಪರವಾಗಿಯೂ ವಂದನೆಗಳು ಎಂದೆ. ಅತಿಥಿಗಳ ಸಾಲಿನಲ್ಲಿ ತಿರುಮಲೇಶ, ದಿನೇಶ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಇಬ್ಬರೂ ಚಪ್ಪಾಳೆ ತಟ್ಟಿದರು.

ಜನ ಪ್ರಸಾದದ ಸಾಲಿಗೆ ಹೋದರು. ವಾರಿಜಕ್ಕ, ಇನಾಯತ್ ಭಾಯ್ ವೈರು ಬಿಚ್ಚತೊಡಗಿದರು. ನಾನೂ ಒಂದು ವೈರಿನ ತುದಿ ಹಿಡಿದು ಮೊಣಕೈಗೆ ಸುತ್ತತೊಡಗಿದೆ. ವಾರಿಜಕ್ಕ ನೋಡಿ, “ಹಂಗಲ್ಲ ಸಾರ್, ಮೊಣಕೈಗೆ ಸುತ್ತಿದ್ರೆ ಒಳಗಿನ ತಂತಿ ಮುರಿಯುತ್ತೆ. ಅದು ಹೆಂಗೆ ಮಡಚಿಕೊಳ್ಳುತ್ತೋ ಹಂಗೇ ಬಿಡಿ, ಕೈಯಲ್ಲಿ ಸುಮ್ನೆ ಹಿಡ್ಕೊಳಿ” ಎಂದು ನನ್ನ ಕೈಯಿಂದ ತೆಗೆದುಕೊಂಡು ಎರಡು ಸುತ್ತು ಸುತ್ತಿ ತೋರಿಸಿದರು. ಮೂರನೆಯ ವೈರಿನ ಹೊತ್ತಿಗೆ ನನಗೆ ಬಂತು.